ಸಿಮೆಂಟಿನ ಊರಿನಲ್ಲಿ ಎರಡು ವರ್ಷದ ಮಗು

ಬೇಸಿಗೆಯ ಸೂಟಿ ಬಂತೆಂದರೆ ಈಗ ನಮ್ಮ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಗೆ ಉತ್ತರ ಹುಡುಕುವ ಅಗತ್ಯವೇ ಇರಲಿಲ್ಲ. ಸೂಟಿ ಎಂದರೆ ನಾನಿಯ ಊರು, ಅಲ್ಲಿಯ ಹೊಲ, ಅಲ್ಲಿಯ ಓಣಿ. ಈಗ ಗುಡಗೇರಿ, ಸಂಶಿ, ಕುಂದಗೋಳದಂಥ ಊರುಗಳಿಂದಲೂ ಜನ ಟೆಂಪೋ ಗೊತ್ತು ಮಾಡಿಕೊಂಡು ಪಾರ್ಕುಗಳಿಗೆ ಹೊರಡುತ್ತಾರೆ. ರಮಜಾನ್ ಹಬ್ಬದ ಮರುದಿನ, ನಾವು ‘ಬಾಸಿ ಈದ್’ ಎನ್ನುವ ದಿನ, ಬಿರಿಯಾನಿಯ ಬುತ್ತಿ ಕಟ್ಟಿಕೊಂಡು ಇಡೀ ಓಣಿಯೇ ಹೊರಟುಬಿಡುತ್ತದೆ. ಆ ಗದ್ದಲದಲ್ಲಿ ಯಾವುದಾದರೂ ಅಮ್ಮನ ಸೊಂಟದ ಮೇಲೆ ಎರಡು, ಎರಡೂವರೆ ವರ್ಷದ ಒಂದು ಕೂಸು ಇದ್ದೇ ಇರುತ್ತದೆ. ಅದನ್ನು ಯಾರೂ ಕೇಳಿರುವುದಿಲ್ಲ. ಕೇಳಿದರೂ ಅದು ಹೇಳುವ ಉತ್ತರ ನಮಗೆ ಅರ್ಥವಾಗುವಂಥದ್ದಲ್ಲ ಎಂದು ನಾವು ನಂಬಿದ್ದೇವೆ.

ಪುಸ್ತಕ, ನಾಟಕ, ಸಿನಿಮಾಗಳಿಗೆ ವಿಮರ್ಶೆ ಬರೆಯುವ ನಾವು ಪಾರ್ಕುಗಳಿಗೆ ಬರೆಯುವುದಿಲ್ಲ. ಆದರೆ ಪಾರ್ಕು ಕೂಡ ಒಂದು ಕೃತಿಯೇ. ಯಾರೋ ಒಬ್ಬರು ಅದನ್ನು ಕಲ್ಪಿಸಿಕೊಂಡಿದ್ದಾರೆ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಿದ್ದಾರೆ. ನಾವು ಎಲ್ಲಿಂದ ಒಳಗೆ ಹೋಗಿ ಎಲ್ಲಿಂದ ಹೊರಬರಬೇಕು ಎಂಬ ದಾರಿಯನ್ನೂ ಹಾಕಿಕೊಟ್ಟಿದ್ದಾರೆ. ಸಾವಿರಾರು ಮಕ್ಕಳು ಓದಿಗಿಂತ ಮೊದಲು ನೋಡುವ ಕೃತಿ ಅದು. ಆದ್ದರಿಂದ ಅದನ್ನು ಪರೀಕ್ಷಿಸುವ ಹಕ್ಕೂ ಹೊಣೆಯೂ ನಮಗಿದೆ. ಈ ಪರೀಕ್ಷೆಗೆ ಎರಡು ವರ್ಷದ ಮಗುವಿಗಿಂತ ಒಳ್ಳೆಯ ಓದುಗ ಸಿಗುವುದಿಲ್ಲ. ‘ಥೀಮ್’ ಎಂದರೆ ಏನೆಂದು ಅದಕ್ಕೆ ಗೊತ್ತಿಲ್ಲ, ಟಿಕೆಟ್ಟಿನ ಬೆಲೆ ಗೊತ್ತಿಲ್ಲ, ದುಡ್ಡು ಕೊಟ್ಟಿದ್ದೇವೆಂದು ಸಂತೋಷಪಡುವ ದಾಕ್ಷಿಣ್ಯವೂ ಅದಕ್ಕಿಲ್ಲ.

ಥೀಮ್ ಪಾರ್ಕಿನ ಹುಟ್ಟಿನ ಕಥೆಯಲ್ಲಿಯೇ ಒಂದು ಸ್ವಾರಸ್ಯವಿದೆ. ಅಮೆರಿಕದ ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕುದುರೆಗಳ ತಿರುಗುಬಂಡಿಯಲ್ಲಿ ಕೂರಿಸಿ, ತಾನು ಬೆಂಚಿನ ಮೇಲೆ ಸುಮ್ಮನೆ ಕಾಯುತ್ತಿದ್ದಾಗ ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗವೊಂದು ಬೇಕೆಂದು ಹೊಳೆಯಿತಂತೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅಂದರೆ ಅದರ ಮೂಲದಲ್ಲಿ ಇರುವುದು ಮಗುವಿನ ಆಸೆಯಲ್ಲ, ಬೆಂಚಿನ ಮೇಲೆ ಕುಳಿತ ತಂದೆಯ ಬೇಸರ. ಒಳಗೆ ಹೋದ ಕೂಡಲೇ ಸಿಗುವ ಮೊದಲ ಬೀದಿಯನ್ನು ಆತ ತಾನು ಬಾಲ್ಯ ಕಳೆದ ಮಾರ್ಸೆಲೀನ್ ಎಂಬ ಸಣ್ಣ ಊರಿನ ನೆನಪಿನಲ್ಲಿ ಕಟ್ಟಿಸಿದ. ಮೇಲಿನ ಅಂತಸ್ತುಗಳನ್ನು ಬೇಕೆಂದೇ ಚಿಕ್ಕದಾಗಿ ಮಾಡಿಸಿ, ಬೀದಿ ಮುದ್ದಾಗಿ ಕಾಣುವಂತೆ ನೋಡಿಕೊಂಡ. ಜಗತ್ತಿನ ಅತಿ ಹೆಸರುವಾಸಿಯಾದ ಮಕ್ಕಳ ಪಾರ್ಕಿನ ಬಾಗಿಲಲ್ಲೇ ನಿಂತಿರುವುದು ಒಬ್ಬ ದೊಡ್ಡ ಮನುಷ್ಯನ ಕಳೆದುಹೋದ ಹಳ್ಳಿ.

ನಮ್ಮ ರಾಜ್ಯದಲ್ಲಿ ಈ ಮಾದರಿಯ ದೊಡ್ಡ ಹೆಸರು ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ. ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2005ರಲ್ಲಿ ಅದನ್ನು ಆರಂಭಿಸಿದರು. ಅಲ್ಲಿ ಮಗುವಿನ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಗಿಡ್ಡವಿದ್ದರೆ ಟಿಕೆಟ್ ಇಲ್ಲ. ಎರಡು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ ಅಷ್ಟೇ. ಇದು ರಿಯಾಯಿತಿಯಂತೆ ಕಾಣುತ್ತದೆ, ರಿಯಾಯಿತಿ ಹೌದು ಕೂಡ. ಆದರೆ ಇನ್ನೊಂದು ಅರ್ಥದಲ್ಲಿ ಇದು ಪ್ರಾಮಾಣಿಕವಾದ ಒಂದು ಹೇಳಿಕೆ. ಈ ಅಳತೆಯ ಮನುಷ್ಯನಿಗಾಗಿ ನಾವು ಹೆಚ್ಚೇನನ್ನೂ ಕಟ್ಟಿಲ್ಲ, ಆದ್ದರಿಂದ ದುಡ್ಡೂ ಕೇಳುವುದಿಲ್ಲ ಎಂದು ಆ ಅಳತೆಗೋಲು ಹೇಳುತ್ತದೆ. ಎದೆ ಝಲ್ಲೆನಿಸುವ ದೊಡ್ಡ ಆಟಗಳ ಮುಂದೆಯೂ ಅದೇ ಅಳತೆ. ಅಪ್ಪ ಒಮ್ಮೆ, ಅಮ್ಮ ಒಮ್ಮೆ ಮೇಲೆ ಹೋಗಿ ಬರುತ್ತಾರೆ. ಕೂಸು ಕೆಳಗೆ ಚಪ್ಪಲಿ ಕಾಯುತ್ತದೆ.

ಇಷ್ಟು ದೂರ ಹೋಗಲಾರದವರಿಗೆ, ಹೋಗಲು ಇಷ್ಟವಿಲ್ಲದವರಿಗೆ, ನಮ್ಮದೇ ಒಂದು ಪಾರ್ಕು ಇದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಇರುವ ಉತ್ಸವ ರಾಕ್ ಗಾರ್ಡನ್. ಗುಡಗೇರಿಯಿಂದ ಬೆಳಿಗ್ಗೆ ಹೊರಟರೆ ನೋಡಿಕೊಂಡು ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದು. ಇದು ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು. ಅವರು ಚಿತ್ರಕಾರರಷ್ಟೇ ಅಲ್ಲ, ದೊಡ್ಡಾಟಕ್ಕೆ ಮತ್ತೆ ಜೀವ ತುಂಬಲು ದುಡಿದವರು, ಬಯಲಾಟ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. 2020ರಲ್ಲಿ ತೀರಿಕೊಂಡರು. 2011ರಲ್ಲಿ ಇದೇ ಗೊಟಗೋಡಿಗೆ ಜಾನಪದ ವಿಶ್ವವಿದ್ಯಾಲಯವೂ ಬಂತು. ಮಿಕ್ಕಿ ಮೌಸಿನ ಮುಖವಾಡವನ್ನಾಗಲಿ, ರಾಕ್ಷಸ ಚಕ್ರವನ್ನಾಗಲಿ ಬಂಡವಾಳ ಮಾಡಿಕೊಳ್ಳದೆ, ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಒಂದು ಥೀಮ್ ಮಾಡಿಕೊಂಡ ಧೈರ್ಯ ಸಣ್ಣದಲ್ಲ. ಸಿಮೆಂಟು ಮತ್ತು ಕಬ್ಬಿಣದಲ್ಲಿ ಕಟ್ಟಿ, ಬಣ್ಣ ಹಚ್ಚಿ ನಿಲ್ಲಿಸಿದ ಸಾವಿರಕ್ಕೂ ಹೆಚ್ಚು ಶಿಲ್ಪಗಳು ಅಲ್ಲಿವೆ. ಕಮ್ಮಾರ, ಕುಂಬಾರ, ಬಡಿಗ, ಎತ್ತು, ಗಾಡಿ, ಹೊಲ, ಮನೆ, ಅಂಗಳ. ರಾಜಕುಮಾರ್ ಅವರ ಸಿನಿಮಾದ ಪಾತ್ರಗಳೂ ಇವೆ. ಮುದುಕನ ಕತ್ತಿನ ನರ, ಮುದುಕಿಯ ಸೀರೆಯ ನೆರಿಗೆ, ದುಡಿದ ಕೈಯ ಗಂಟು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ನಮ್ಮ ಭಾಗದ ರೈತ, ಕೂಲಿ, ಕಸಬುದಾರರನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಅಕ್ಕರೆಯಿಂದ ಶಿಲ್ಪಕ್ಕೆ ತಂದ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಕನ್ನಡದ ಗ್ರಾಮೀಣ ಕಥೆಗಳು ಶಬ್ದದಲ್ಲಿ ಮಾಡಿದ ಕೆಲಸವನ್ನು ಸೊಲಬಕ್ಕನವರು ಸಿಮೆಂಟಿನಲ್ಲಿ ಮಾಡಿದರು.

ಆದರೆ ಈ ಕಥೆಯನ್ನು ಓದುವವರು ಯಾರು? ಸ್ವಲ್ಪ ಹೊತ್ತು ಒಂದು ಕಡೆ ನಿಂತು ಗಮನಿಸಿದರೆ ಗೊತ್ತಾಗುತ್ತದೆ. ಅಪ್ಪಂದಿರು ಓದುತ್ತಾರೆ. ‘ನೋಡಲೇ, ಇದು ಕಮ್ಮಾರನ ಕುಲುಮೆ. ನಮ್ಮಪ್ಪ ಕುಡಗೋಲು ಹಣಿಸಾಕ ಹೋಗ್ತಿದ್ದ’ ಎಂದು ಒಬ್ಬ ತಂದೆ ಮಗನಿಗೆ ವಿವರಿಸುತ್ತಾನೆ. ಮಗ ತಲೆಯಾಡಿಸಿ ಮುಂದೆ ಓಡುತ್ತಾನೆ. ಅಜ್ಜಿಯಂದಿರು ನಿಧಾನವಾಗಿ ಓದುತ್ತಾರೆ, ಬೀಸುಕಲ್ಲಿನ ಸುದ್ದಿ ಬಂದರೆ ಅಲ್ಲಿಯೇ ನಿಂತುಬಿಡುತ್ತಾರೆ. ಶಿಲ್ಪ ಅವರಿಗೆ ಒಂದು ನೆಪ. ಅದು ಅವರೊಳಗಿನ ಮಾತನ್ನು ಎಬ್ಬಿಸುತ್ತದೆ. ನೆನಪು ಇದ್ದವರಿಗೆ ಈ ಪಾರ್ಕು ತುಂಬಿದ ಗ್ರಂಥ. ನೆನಪು ಇನ್ನೂ ಹುಟ್ಟಿರದ ಮಗುವಿಗೆ?

ಕಳೆದ ಬಾಸಿ ಈದಿಗೆ ನನ್ನ ತಂಗಿಯ ಎರಡೂವರೆ ವರ್ಷದ ಮಗನನ್ನು ಕರೆದುಕೊಂಡು ಹೋಗಿದ್ದೆವು. ಸಿಮೆಂಟಿನ ಎತ್ತಿನ ಮುಂದೆ ಅವನು ನಿಂತ. ಕೆಳಗೆ ಬಗ್ಗಿ ನಾಲ್ಕು ಎಳೆ ಹುಲ್ಲು ಕಿತ್ತು, ಬಾಯಿಯ ಕಡೆಗೆ ಕೈ ಚಾಚಿ ಕಾಯ್ದ. ಆಮೇಲೆ ನನ್ನ ಕಡೆ ತಿರುಗಿ ‘ಮಾಮೂ, ಖಾತಾ ನೈ’ ಎಂದ. ತಿನ್ನೋದಿಲ್ಲ. ಸಿಟ್ಟಿರಲಿಲ್ಲ, ನಿರಾಸೆಯೂ ಇರಲಿಲ್ಲ, ವರದಿ ಒಪ್ಪಿಸಿದಂತೆ ಹೇಳಿದ. ಹುಲ್ಲು ಬಿಸಾಕಿ ನೀರಿನ ನಳದ ಕಡೆಗೆ ಹೋದ. ಉಳಿದ ಅರ್ಧ ತಾಸು ಆ ನಳದಿಂದ ಸೋರಿದ ನೀರಿನಲ್ಲಿ ಕಾಲು ತೋಯಿಸಿಕೊಂಡು, ಅಲ್ಲಿ ಸಾಲು ಹಿಡಿದ ಇರುವೆಗಳಿಗೆ ಬಿಸ್ಕತ್ತಿನ ಚೂರು ಹಾಕಿದ. ಅವು ತಿಂದವು. ಅಂದರೆ, ಹೊತ್ತುಕೊಂಡು ಹೋದವು.

ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಓದಿಲ್ಲ. ಮೊದಲರ್ಧ ಶಿಲ್ಪಿಗೆ ಸಂದ ದೊಡ್ಡ ಬಹುಮಾನ. ಆ ಮಗು ಅದನ್ನು ಎತ್ತು ಎಂದೇ ನಂಬಿತು, ಹುಲ್ಲು ಕಿತ್ತಿತು. ಉಳಿದರ್ಧ ಟೀಕೆ. ಎತ್ತು ಎಂದ ಮೇಲೆ ತಿನ್ನಬೇಕು. ಕಣ್ಣಿಗೆ ಇಷ್ಟು ನಿಜವಾಗಿ ಕಾಣುವ ವಸ್ತು ಕೈಗೆ ಏನನ್ನೂ ಕೊಡದಿದ್ದರೆ ಮಗು ಅದನ್ನು ಬಿಟ್ಟು ಹೋಗುತ್ತದೆ. ಆ ವಯಸ್ಸಿನಲ್ಲಿ ಲೋಕವನ್ನು ತಿಳಿಯುವುದು ಕೈಯಿಂದ, ಬಾಯಿಯಿಂದ, ಕಾಲಿನಿಂದ. ಕಣ್ಣೊಂದರಿಂದಲೇ ತಿಳಿಯುವುದು ದೊಡ್ಡವರ ಅಭ್ಯಾಸ. ಇಂಥ ಜಾಗಗಳಲ್ಲಿ ಇನ್ನೊಂದು ವಿಪರ್ಯಾಸವನ್ನೂ ನೋಡಬಹುದು. ಫೋಟೊ ತೆಗೆಯುವಾಗ ಮಗುವನ್ನು ಎರಡು ಗೊಂಬೆಗಳ ನಡುವೆ ನಿಲ್ಲಿಸಿ ‘ಅಲ್ಲಾಡಬ್ಯಾಡ’ ಎಂದು ಗದರುತ್ತೇವೆ. ಕಲಾವಿದ ಸಿಮೆಂಟಿಗೆ ಜೀವ ತುಂಬಲು ಒದ್ದಾಡಿದ, ನಾವು ಜೀವ ಇರುವುದನ್ನು ಸಿಮೆಂಟು ಮಾಡಲು ಒದ್ದಾಡುತ್ತೇವೆ. ಮೂರು ವರ್ಷದ ಒಳಗಿನ ಸಂಗತಿಗಳು ದೊಡ್ಡವರಾದ ಮೇಲೆ ಬಹುಪಾಲು ನೆನಪಿನಲ್ಲಿ ಉಳಿಯುವುದಿಲ್ಲ ಎಂಬುದು ಮನಶ್ಶಾಸ್ತ್ರ ಒಪ್ಪಿದ ಮಾತು. ಹಾಗಾಗಿ ಆ ಫೋಟೊ ಮಗುವಿನ ನೆನಪಲ್ಲ. ನಾವು ಒಳ್ಳೆಯ ತಂದೆ-ತಾಯಿ ಎಂಬುದಕ್ಕೆ ನಾವೇ ಬರೆದುಕೊಳ್ಳುವ ರಸೀದಿ.

ಹಾಗಾದರೆ ನಮ್ಮ ನಾಡಿನ ಕಲೆಗೆ ಮಗುವಿನ ಕೈ ಗೊತ್ತೇ ಇರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಾರಹುಣ್ಣಿಮೆಯ ನಂತರ ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನೆಸಿಕೊಳ್ಳಿ. ಎರಿಮಣ್ಣಿನಲ್ಲಿ ಮಾಡಿದ ಒಂದು ಜೋಡಿ ಎತ್ತು. ಕುಂಬಾರರು ಮನೆಮನೆಗೆ ತಂದುಕೊಟ್ಟು ಕಾಳುಕಡಿ ಒಯ್ಯುತ್ತಿದ್ದರು. ಪೂಜೆ ಮಾಡುವವರು ಪೂಜೆ ಮಾಡುತ್ತಿದ್ದರು. ನಮ್ಮ ಓಣಿಯ ಮಕ್ಕಳು ಅವೇ ಎತ್ತುಗಳಿಗಾಗಿ ಹಟ ಹಿಡಿದು ಆಟಕ್ಕೆ ಇಟ್ಟುಕೊಳ್ಳುತ್ತಿದ್ದರು. ಆ ಎತ್ತಿಗೆ ನರವಿಲ್ಲ, ಬಣ್ಣವಿಲ್ಲ, ಕಣ್ಣು ಎಂದರೆ ಒತ್ತಿದ ಎರಡು ಕಾಳು. ಆದರೆ ಅದು ಅಂಗೈಯಲ್ಲಿ ಹಿಡಿಸುತ್ತದೆ. ಒಂದು ಕೋಡು ಮುರಿಯುತ್ತದೆ, ನೀರಿಗೆ ಬಿದ್ದರೆ ಕರಗುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತದೆ. ಸಿಮೆಂಟಿನ ಎತ್ತು ಮಳೆಗೂ ಕರಗುವುದಿಲ್ಲ, ಮುಟ್ಟಿದರೆ ಕಾವಲುಗಾರನ ಕಣ್ಣು ಬೀಳುತ್ತದೆಯೇನೋ ಎಂಬ ಅಳುಕು ಬೇರೆ. ಒಂದು ಉಳಿಯಲಿಕ್ಕೆಂದು ಮಾಡಿದ್ದು, ಇನ್ನೊಂದು ಆಡಲಿಕ್ಕೆಂದು ಮಾಡಿದ್ದು. ಟ್ರ್ಯಾಕ್ಟರ್ ಬಂದ ಮೇಲೆ ನಿಜವಾದ ಎತ್ತುಗಳು ಊರಿನಲ್ಲಿ ಕಡಿಮೆಯಾದವು. ಆ ಖಾಲಿ ಜಾಗವನ್ನು ಸಿಮೆಂಟು ತುಂಬಿತು. ಇದು ಕಲಾವಿದನ ತಪ್ಪಲ್ಲ. ನಾವು ಹಾಳು ಮಾಡಿಕೊಂಡದ್ದರ ಲೆಕ್ಕವನ್ನು ಅವರು ಬರೆದಿಟ್ಟರು.

ಉಳಿಸಿಕೊಳ್ಳುವ ಈ ಆಸೆಗೆ ಬೇರೆ ರೂಪಗಳೂ ಇವೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕದಲ್ಲಿ ಜನ ಬಳಸಿದ ನಿಜವಾದ ವಸ್ತುಗಳಿವೆ. ಒನಕೆ ನಿಜ, ಕೊಳಗ ನಿಜ, ಆದರೆ ಬಳಸುವ ಕೈಗಳಿಲ್ಲ. ಗೊಟಗೋಡಿಯಲ್ಲಿ ಕೈಗಳಿವೆ, ಆದರೆ ಅವು ದುಡಿಯುವುದಿಲ್ಲ. ಇವೆರಡಕ್ಕಿಂತ ಬೇರೆಯಾದದ್ದು ಚಂಡೀಗಡದ ರಾಕ್ ಗಾರ್ಡನ್. ದೇಶ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿಹೋದ ಹಳ್ಳಿಯಿಂದ ಬಂದ ನೇಕ್ ಚಂದ್ ಎಂಬ ರಸ್ತೆ ಇಲಾಖೆಯ ನೌಕರ 1957ರಿಂದ ಯಾರಿಗೂ ಹೇಳದೆ ಒಡೆದ ಬಳೆ, ಮುರಿದ ಪಿಂಗಾಣಿ, ಕೆಟ್ಟ ಟ್ಯೂಬ್‌ಲೈಟುಗಳನ್ನು ಆಯ್ದು ತಂದು ಗೊಂಬೆ ಮಾಡುತ್ತಿದ್ದ. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಅವನಿಗೂ ತನ್ನ ಊರು ಮರಳಿ ಸಿಗುವಂತಿರಲಿಲ್ಲ. ಆದರೆ ಅವನು ಆ ಊರಿನ ಪ್ರತಿಯನ್ನು ಮಾಡಲಿಲ್ಲ, ಒಡೆದ ಚೂರುಗಳನ್ನು ಕೂಡಿಸಿದ. ಅವನ ಗೊಂಬೆ ಮನುಷ್ಯನೋ ಹಕ್ಕಿಯೋ ಎಂದು ನೋಡುವ ಮಗುವೇ ತೀರ್ಮಾನಿಸಬೇಕು. ತೀರ್ಮಾನ ಪೂರ್ತಿ ಮುಗಿದಿರುವ ಜಾಗದಲ್ಲಿ ಮಗುವಿಗೆ ಕೆಲಸವಿರುವುದಿಲ್ಲ.

ಇಲ್ಲಿ ನಮ್ಮ ಸಮುದಾಯದೊಳಗಿನ ಒಂದು ಮಾತನ್ನೂ ಎದುರಿಸಬೇಕು. ಮೂರ್ತಿಗಳಿರುವ ಜಾಗಕ್ಕೆ, ಅದರಲ್ಲೂ ಹಬ್ಬದ ಮರುದಿನ, ಮಕ್ಕಳನ್ನು ಕರೆದೊಯ್ಯುವುದು ಸರಿಯೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಗೆಯಾಡುವವನು ನಾನಲ್ಲ. ಪ್ರತಿಮೆಗಳ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯಗಳಿವೆ, ಫತ್ವಾ ಕೊಡುವುದು ಕಥೆಗಾರನ ಕೆಲಸವಲ್ಲ. ಆದರೆ ಹದೀಸಿನಲ್ಲಿ ಬರುವ ಒಂದು ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದು. ಹಜರತ್ ಆಯಿಶಾ (ರ) ಅವರ ಆಟದ ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯನ್ನು ಕಂಡು ಪ್ರವಾದಿ ಮುಹಮ್ಮದ್ (ಸ) ಅವರು, ಕುದುರೆಗೆ ರೆಕ್ಕೆಯೇ ಎಂದು ಕೇಳಿದರು. ಸುಲೈಮಾನರ ಕುದುರೆಗಳಿಗೆ ರೆಕ್ಕೆಗಳಿದ್ದ ಸಂಗತಿ ನೀವು ಕೇಳಿಲ್ಲವೇ ಎಂಬ ಉತ್ತರಕ್ಕೆ ಅವರು ಮನಸಾರೆ ನಕ್ಕರು. ಆರಾಧನೆಗೆ ನಿಲ್ಲಿಸಿದ ಮೂರ್ತಿ ಬೇರೆ, ಆಟಕ್ಕೆ ಕೈಯಲ್ಲಿ ಹಿಡಿದ ಗೊಂಬೆ ಬೇರೆ ಎಂಬ ವಿವೇಕ ಆ ನಗೆಯಲ್ಲಿದೆ. ನನ್ನ ಆತಂಕ ಇನ್ನೊಂದು. ಗೊಟಗೋಡಿಯ ಗೊಂಬೆಗಳನ್ನು ಯಾರೂ ಪೂಜಿಸುವುದಿಲ್ಲ, ನಿಜ. ಆದರೆ ನಾವು ಮುಟ್ಟದೆ, ಆಡದೆ, ದೂರ ನಿಂತು ನೋಡುವ ‘ನಮ್ಮ ಹಳೆಯ ಊರು’ ಎಂಬ ಕಲ್ಪನೆಯೇ ಒಂದು ಪೂಜೆಯ ವಸ್ತುವಾಗುತ್ತಿದೆಯಲ್ಲ, ಅದನ್ನು ಏನೆನ್ನುವುದು?

ಮಗುವಿನ ಜೊತೆ ಹೇಗೆ ಇರಬೇಕು ಎಂಬುದಕ್ಕೂ ಅದೇ ಪರಂಪರೆಯಲ್ಲಿ ಒಂದು ಮಾದರಿ ಇದೆ. ಅಬೂ ಉಮೈರ್ ಎಂಬ ಪುಟ್ಟ ಹುಡುಗ ಒಂದು ಚಿಕ್ಕ ಹಕ್ಕಿಯನ್ನು ಸಾಕಿಕೊಂಡಿದ್ದ. ಅದು ಸತ್ತು ಅವನು ಮುಖ ಸಣ್ಣದು ಮಾಡಿಕೊಂಡಿದ್ದಾಗ ಪ್ರವಾದಿಯವರು (ಸ) ಅವನ ಬಳಿ ಆ ಹಕ್ಕಿಯನ್ನೇ ವಿಚಾರಿಸಿದರು. ಒಂದು ರಾಜ್ಯದ, ಒಂದು ಧರ್ಮದ ಭಾರ ಹೊತ್ತವರು ಮಗುವಿನ ಲೋಕದ ಸುದ್ದಿಯನ್ನು ಮಗುವಿನ ಮಟ್ಟಕ್ಕೆ ಇಳಿದು ಕೇಳಿದರು. ನಾವು ಪಾರ್ಕಿನಲ್ಲಿ ಮಾಡುವುದು ಇದರ ತದ್ವಿರುದ್ಧ. ನಮ್ಮ ಲೋಕದ ಸುದ್ದಿಯನ್ನು ಮಗುವಿನ ಕತ್ತು ತಿರುಗಿಸಿ ತೋರಿಸುತ್ತೇವೆ. ನಳ ಮತ್ತು ಇರುವೆಯ ಕಡೆಯಿಂದ ಎಳೆದು ತರುತ್ತೇವೆ.

ಪ್ರೇಮಚಂದರ ‘ಈದ್ಗಾ’ ಕಥೆಯನ್ನು ಉರ್ದು ಶಾಲೆಯಲ್ಲಿ ಕಲಿತವರು ಮರೆಯುವಂತಿಲ್ಲ. 1933ರಲ್ಲಿ ಬಂದ ಆ ಕಥೆ ಮಗು ಮತ್ತು ಮೇಳದ ಬಗ್ಗೆ ನಮ್ಮ ದೇಶದ ಸಾಹಿತ್ಯ ಹೇಳಿದ ಅತ್ಯಂತ ಗಟ್ಟಿ ಮಾತು. ತಂದೆ-ತಾಯಿ ಇಲ್ಲದ ನಾಲ್ಕೈದು ವರ್ಷದ ಹಾಮಿದ್ ಮೂರು ಪೈಸೆ ಹಿಡಿದು ಈದಿನ ಮೇಳಕ್ಕೆ ಹೋಗುತ್ತಾನೆ. ಗೆಳೆಯರು ಮಣ್ಣಿನ ಸಿಪಾಯಿ, ನೀರು ಹೊರುವ ಭಿಸ್ತಿ, ವಕೀಲ ಗೊಂಬೆಗಳನ್ನು ಕೊಳ್ಳುತ್ತಾರೆ. ಇವನು ರೊಟ್ಟಿ ಬೇಯಿಸುವಾಗ ಬೆರಳು ಸುಟ್ಟುಕೊಳ್ಳುವ ಅಜ್ಜಿಗಾಗಿ ಒಂದು ಕಬ್ಬಿಣದ ಚಿಮಟಾ ಕೊಳ್ಳುತ್ತಾನೆ. ನಾವು ಈ ಕಥೆಯನ್ನು ತ್ಯಾಗದ ಕಥೆ ಎಂದು ಪಾಠ ಮಾಡುತ್ತೇವೆ. ನನಗೆ ಅದು ಆಯ್ಕೆಯ ಕಥೆಯಾಗಿಯೂ ಕಾಣುತ್ತದೆ. ಮೇಳದಲ್ಲಿ ಒಬ್ಬ ಮಗು ಅಂಗಡಿಯಿಂದ ಅಂಗಡಿಗೆ ಹೋಗಬಹುದು, ಚೌಕಾಸಿ ಮಾಡಬಹುದು, ಕೊಳ್ಳದೆ ಇರಬಹುದು, ಮಿಠಾಯಿಯ ಅಂಗಡಿಯ ಪಕ್ಕದಲ್ಲೇ ಕಬ್ಬಿಣದ ಸಾಮಾನು ಸಿಗಬಹುದು. ಥೀಮ್ ಪಾರ್ಕಿನಲ್ಲಿ ಬಾಗಿಲಲ್ಲೇ ಎಲ್ಲ ದುಡ್ಡು ಒಮ್ಮೆಗೇ ತೀರುತ್ತದೆ. ಒಳಗೆ ಹೋದ ಹಾಮಿದನಿಗೆ ಆರಿಸಲು ಏನೂ ಉಳಿಯುವುದಿಲ್ಲ. ಮೂರು ಪೈಸೆಯವನು ಒಳಗೆ ಬರುವುದೂ ಇಲ್ಲ.

ಜಾತ್ರೆ ಮತ್ತು ಉರುಸುಗಳಿಗೆ ಬಾಗಿಲಿರಲಿಲ್ಲ. ಬೆಂಡು-ಬತ್ತಾಸು, ಪೀಪಿ, ಪುಗ್ಗಾ, ಕೈಯಿಂದ ತಿರುಗಿಸುವ ತೊಟ್ಟಿಲು. ಎರಡು ವರ್ಷದ ಕೂಸಿಗೆ ಅಲ್ಲಿ ಪ್ರತ್ಯೇಕ ವಿಭಾಗವಿರಲಿಲ್ಲ. ಅದು ಎಲ್ಲರ ಕಾಲುಗಳ ನಡುವೆ, ಯಾರದೋ ಹೆಗಲ ಮೇಲೆ ಇರುತ್ತಿತ್ತು. ಮುಖ್ಯವಾದ ಸಂಗತಿ ಏನೆಂದರೆ, ಅಲ್ಲಿ ಅದು ಮನುಷ್ಯರನ್ನು ಮುಟ್ಟುತ್ತಿತ್ತು. ಬಳೆ ತೊಡಿಸುವ ಮಣಿಯಾರ, ಆಟಿಗೆಯ ಗಾಡಿಯವನು, ಕಲ್ಲಂಗಡಿ ಕೊಯ್ದು ಕೊಡುವವನು, ಅತ್ತರು ಹಚ್ಚುವವನು. ಪಿಂಜಾರ, ನಾಲಬಂದ, ಕಲಾಯಿಗಾರ, ಅತ್ತಾರ, ತಾಂಬೋಳಿ, ಬಾಗವಾನ ಎಂಬ ಹೆಸರುಗಳು ಈಗ ನಮ್ಮ ರೇಷನ್ ಕಾರ್ಡಿನ ಅಡ್ಡಹೆಸರುಗಳಾಗಿ ಉಳಿದಿವೆ. ಒಂದು ಕಾಲದಲ್ಲಿ ಅವು ಊರಿಗೆ ಊರೇ ಕೂಗಿ ಕರೆಯುವ ಕೆಲಸಗಳಾಗಿದ್ದವು. ಹಾಸಿಗೆಯ ಹತ್ತಿ ಹಿಂಜುವುದು ಒಬ್ಬ, ಎತ್ತಿಗೆ ಲಾಳ ಕಟ್ಟುವುದು ಒಬ್ಬ. ಕಸಬು ಎಂದರೆ ಒಂದು ಭಂಗಿಯಲ್ಲ, ಒಂದು ಲೇವಾದೇವಿ. ಅದರಲ್ಲಿ ಉದ್ದರಿ ಇದೆ, ಜಗಳ ಇದೆ, ಹಬ್ಬಕ್ಕೆ ಕೊಡುವ ಕಾಳು ಇದೆ, ಮನೆಯಲ್ಲಿ ಉರ್ದು ಬೀದಿಯಲ್ಲಿ ಕನ್ನಡ ಮಾತಾಡುವ ನಾಲಿಗೆ ಇದೆ. ಶಿಲ್ಪಕ್ಕೆ ಭಂಗಿ ಸಿಕ್ಕುತ್ತದೆ, ಲೇವಾದೇವಿ ಸಿಕ್ಕುವುದಿಲ್ಲ. ಎಷ್ಟು ದೊಡ್ಡ ಕಲಾವಿದನಾದರೂ ಸಿಮೆಂಟಿಗೆ ಇರುವ ಮಿತಿ ಅದು.

ಮಿತಿ ಕಲೆಗೆ ಇದ್ದರೆ ಪರವಾಗಿಲ್ಲ, ಬದುಕೇ ಆ ಮಿತಿಗೆ ಬಂದು ನಿಂತರೆ? 2022ರಲ್ಲಿ ಏನಾಯಿತೆಂದು ನೆನಪಿಸಿಕೊಳ್ಳೋಣ. ಆ ವರ್ಷ ಕರಾವಳಿಯಿಂದ ಶುರುವಾಗಿ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬಾರದೆಂಬ ಬ್ಯಾನರುಗಳು ಕಂಡವು. ಏಪ್ರಿಲ್ ತಿಂಗಳಲ್ಲಿ ಧಾರವಾಡಕ್ಕೆ ಹತ್ತಿರದ ನುಗ್ಗೀಕೇರಿಯ ಹನುಮಂತನ ಗುಡಿಯ ಆವರಣದಲ್ಲಿ, ವರ್ಷಗಳಿಂದ ಅಲ್ಲೇ ಹಣ್ಣು ಮಾರುತ್ತಿದ್ದ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದರು. ಆ ಚಿತ್ರವನ್ನು ನಾಡೆಲ್ಲ ನೋಡಿತು. ಜಾತಿ-ಧರ್ಮ ನೋಡದೆ ಅನೇಕರು ಅವರ ನೆರವಿಗೆ ಬಂದರು ಎಂಬುದೂ ನಿಜ, ಅದನ್ನೂ ಮರೆಯಬಾರದು. ಆದರೆ ಪ್ರಶ್ನೆ ಉಳಿದೇ ಇದೆ. ಹಳ್ಳಿಯ ಕಸಬುದಾರರನ್ನು ಸಿಮೆಂಟಿನಲ್ಲಿ ನಿಲ್ಲಿಸಿದರೆ ಟಿಕೆಟ್ ತೆಗೆದು ನೋಡುತ್ತೇವೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಅದೇ ಮನುಷ್ಯ ಜೀವ ಹಿಡಿದುಕೊಂಡು, ತನ್ನ ಹೆಸರು ಇಟ್ಟುಕೊಂಡು, ಗಾಡಿ ತಳ್ಳಿಕೊಂಡು ಜಾತ್ರೆಗೆ ಬಂದರೆ ಅವನ ಜಾತಿ ಕೇಳುತ್ತೇವೆ.

ಫ್ರಾನ್ಸಿನ ಚಿಂತಕ ಬೋದ್ರಿಯಾ 1981ರ ತನ್ನ ಪುಸ್ತಕದಲ್ಲಿ ಡಿಸ್ನಿಲ್ಯಾಂಡಿನ ಬಗ್ಗೆ ಒಂದು ವಾದ ಮುಂದಿಟ್ಟಿದ್ದ. ಅದನ್ನು ಕಾಲ್ಪನಿಕ ಲೋಕವೆಂದು ಗುರುತು ಮಾಡಿಟ್ಟಿರುವುದೇ ಹೊರಗಿನ ಅಮೆರಿಕ ನಿಜವೆಂದು ಜನರನ್ನು ನಂಬಿಸುವುದಕ್ಕೆ ಎಂಬುದು ಅದರ ಸಾರ. ನಮ್ಮ ಕಡೆಗೆ ಇದನ್ನು ಸ್ವಲ್ಪ ತಿರುಗಿಸಿ ಹೇಳಬಹುದು. ಕೂಡಿ ಬಾಳುವ ಊರೊಂದು ಬೇಲಿಯೊಳಗೆ ಭದ್ರವಾಗಿದೆ ಎಂಬ ಸಮಾಧಾನದಿಂದ, ಬೇಲಿಯ ಹೊರಗೆ ಅದು ಒಡೆಯುವುದನ್ನು ನಾವು ಸಹಿಸಿಕೊಳ್ಳುತ್ತಿದ್ದೇವೆ.

ಹೊರಗೆ ಇನ್ನೂ ಎಲ್ಲವೂ ಒಡೆದಿಲ್ಲ. ನಮ್ಮ ಸುತ್ತಲಿನ ಐದಾರು ಹಳ್ಳಿಗಳನ್ನೇ ನೋಡಿ. ಇದು ಶರೀಫರ ನೆಲ. 1819ರಲ್ಲಿ ಶಿಶುನಾಳದಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫಸಾಹೇಬರಿಗೆ ಗುರು ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು. ಮಕ್ಕಳಿಲ್ಲದ ಅವರ ತಂದೆ-ತಾಯಿ ಹರಕೆ ಹೊತ್ತದ್ದು ಹುಲಗೂರಿನ ಖಾದರಿ ದರ್ಗಾಕ್ಕೆ ಎಂದು ಜನ ಹೇಳುತ್ತಾರೆ. ಶಿಶುನಾಳದ ಗದ್ದುಗೆಗೆ ಇಂದಿಗೂ ಎರಡೂ ಕಡೆಯವರು ಬರುತ್ತಾರೆ. ಸಕ್ಕರೆ ಓದಿಸುವವರು ಒಂದು ಕಡೆ, ಕಾಯಿ ಒಡೆಸುವವರು ಒಂದು ಕಡೆ. ಮಗುವಿಗೆ ಸಿಗುವುದು ಎರಡೂ, ಸಕ್ಕರೆಯೂ ಕೊಬ್ಬರಿಯೂ. ಇಲ್ಲಿ ‘ಸೌಹಾರ್ದ’ ಎಂಬುದು ವಿವರಿಸಿ ತೋರಿಸುವ ಥೀಮ್ ಅಲ್ಲ, ಬಾಯಿಗೆ ಬೀಳುವ ರುಚಿ. ಎರಡು ವರ್ಷದ ಮಗುವಿಗೆ ಅರ್ಥವಾಗುವ ಭಾಷೆ ಇದು. ಗುಡಗೇರಿಯ ಮಗುವಿಗೆ ಇದಕ್ಕಿಂತ ಹತ್ತಿರದ ಪ್ರವಾಸ ಯಾವುದಿದೆ?

ಹಾಗೆಂದು ಪಾರ್ಕುಗಳ ಬಾಗಿಲು ಮುಚ್ಚಿ ಎಂದು ನಾನು ಹೇಳಿದರೆ ಅದು ಅನ್ಯಾಯ. ಅದರಲ್ಲೂ ನಮ್ಮ ಹೆಣ್ಣುಮಕ್ಕಳಿಗೆ ಅನ್ಯಾಯ. ಬಾಸಿ ಈದಿನ ಮಧ್ಯಾಹ್ನ ಗಿಡದ ನೆರಳಿನಲ್ಲಿ ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ಕಾಲು ಚಾಚಿ ಕುಳಿತು ನಗುವ ಹೆಂಗಸರ ಗುಂಪನ್ನು ನೋಡಿದವರಿಗೆ ಇದು ಗೊತ್ತು. ಊರಿನಲ್ಲಿ ಗಂಡಸರಿಗೆ ಕಟ್ಟೆ ಇದೆ, ಚಹಾದಂಗಡಿ ಇದೆ, ಮಸೀದಿಯ ಅಂಗಳವಿದೆ. ಹೆಂಗಸರಿಗೆ ಬಯಲಿನಲ್ಲಿ ಸುಮ್ಮನೆ ಕೂರುವ ಜಾಗವೆಲ್ಲಿದೆ? ದುಡ್ಡು ಕೊಟ್ಟರೆ ಯಾರೂ ಏನೂ ಕೇಳದ ಒಂದು ಬೇಲಿಯೊಳಗಿನ ಹುಲ್ಲುಹಾಸು ಅವರಿಗೆ ಸಿಕ್ಕಿದೆ. ಕೂಸಿನ ಹೊಣೆ ಆ ಹೊತ್ತು ಇಡೀ ಗುಂಪಿಗೆ ಹಂಚಿಹೋಗುತ್ತದೆ. ದಣಿದ ತಾಯಿಗೆ ಅಷ್ಟು ಬಿಡುವು ಸಿಕ್ಕರೆ ಅದೇ ಆ ಪ್ರವಾಸದ ದೊಡ್ಡ ಫಲ. ಡಿಸ್ನಿಯ ಬೇಸರ ಗಂಡಸಿನದು, ಅವನಿಗೆ ಕನಿಷ್ಠ ಬೆಂಚಾದರೂ ಇತ್ತು. ನಮ್ಮ ಹೆಂಗಸರಿಗೆ ಬೆಂಚೇ ಇರಲಿಲ್ಲ.

ಆದ್ದರಿಂದ ಹೋಗೋಣ. ಆದರೆ ಕೂಸಿನ ಲೆಕ್ಕಕ್ಕೆ ಹೋಗೋಣ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟ ಬೇಡ. ಅದು ಇರುವೆಯ ಹತ್ತಿರ ಕುಳಿತರೆ ನಾವೂ ಕುಳಿತುಕೊಳ್ಳೋಣ. ಮಧ್ಯಾಹ್ನದ ನಿದ್ದೆ ಬಂದರೆ ಅದಕ್ಕೆ ಜೋಲಿ ಕಟ್ಟೋಣ. ಪಾರ್ಕು ನಡೆಸುವವರಲ್ಲೂ ಒಂದು ಮಾತು. ನೂರು ಗೊಂಬೆಗಳ ನಡುವೆ ಕೈಯಾಡಿಸಲು ಒಂದು ಗುಡ್ಡೆ ಎರಿಮಣ್ಣು, ತಿರುಗುವ ಒಂದು ತಿಗರಿ, ಅದರ ಹಿಂದೆ ಕೂಲಿ ಪಡೆದು ಕೆಲಸ ಮಾಡುವ ಒಬ್ಬ ಜೀವಂತ ಕುಂಬಾರ ಇದ್ದರೆ, ಇಡೀ ಸಿಮೆಂಟಿನ ಊರಿಗೆ ಉಸಿರು ಬರುತ್ತದೆ. ಲಾಳ ಕಟ್ಟುವವರು, ಕಲಾಯಿ ಹಾಕುವವರು ನಮ್ಮ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಬದುಕಿದ್ದಾರೆ. ಅವರಿಗೂ ಒಂದು ದಿನದ ಪಗಾರವಾದೀತು, ಮಕ್ಕಳಿಗೂ ಬೆಂಕಿಯ ಬಿಸಿ, ತವರದ ಹೊಳಪು ಕಂಡೀತು.

ಪಾರ್ಕು ವರ್ಷಕ್ಕೆ ಒಂದು ದಿನ. ಉಳಿದ ದಿನಗಳಿಗೆ ಊರಿನ ಸಂತೆ ಇದೆ, ಕೆರೆಯ ದಂಡೆ ಇದೆ, ನೆರೆಯವರ ಕೊಟ್ಟಿಗೆಯಲ್ಲಿ ಇನ್ನೂ ಒಂದೆರಡು ದನಗಳಿವೆ. ಅವು ಹುಲ್ಲು ತಿನ್ನುತ್ತವೆ. ಆ ಕೊಟ್ಟಿಗೆ ಬಸವಣ್ಣೆಪ್ಪನವರದೋ ಬಾಬಾಜಾನ್‌ದೋ ಎಂದು ಮಗು ಕೇಳುವುದಿಲ್ಲ. ಆ ಬಾಗಿಲಿಗೆ ಅದು ಹೋಗಿ ಬರುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ದೊಡ್ಡವರದು. ಅದಕ್ಕೆ ಟಿಕೆಟ್ ಇಲ್ಲ. ಆದರೆ ಈಚಿನ ವರ್ಷಗಳಲ್ಲಿ ಅದು ಬಿಡದಿಯ ಟಿಕೆಟ್ಟಿಗಿಂತ ತುಟ್ಟಿಯಾಗುತ್ತಿದೆ.